ಮುಳ್ಳುಮರಕ್ಕೆ ಜಾಗ ಬಿಟ್ಟ ಹೆದ್ದಾರಿ

ಪ್ರಶ್ನೆ: ಐರ್ಲೆಂಡಿನಲ್ಲಿ ಒಂದು ಮುಳ್ಳುಗಿಡವನ್ನು ಕಡಿಯಬಾರದೆಂದು ಹೆದ್ದಾರಿಯನ್ನೇ ಸರಿಸಿದರಂತೆ. ಹಾಳು ಕೋಟೆಗಳಲ್ಲಿ ಕಣ್ಣಿಗೆ ಕಾಣದ ಜನ ಇದ್ದಾರೆಂದು ಅಲ್ಲಿಯ ರೈತರು ಉಳುಮೆಯನ್ನೂ ಮಾಡುವುದಿಲ್ಲವಂತೆ. ನಮ್ಮ ರಾಜನಕೋಳೂರಿನ ಮೋರ್ಯರ ಮನೆಗಳಂಥ ಕಲ್ಲುಮನೆಗಳು ಅಲ್ಲಿಯೂ ಇವೆ, ಎರಡನ್ನೂ ಒಂದೇ ಕುಲದವರು ಕಟ್ಟಿದ್ದು ಎಂದು ಒಬ್ಬರು ಹೇಳಿದರು. ಇದರಲ್ಲಿ ನಿಜವೆಷ್ಟು? ಓದುಬರಹ ಬಲ್ಲ ದೇಶದಲ್ಲೂ ಇದನ್ನೆಲ್ಲ ನಂಬುತ್ತಾರೆಯೇ?
— ಸುರಪುರದ ಒಬ್ಬ ಓದುಗರು

ಉತ್ತರ: ಮೊದಲು ಮುಳ್ಳುಮರದ ಲೆಕ್ಕ ಮುಗಿಸೋಣ. ಸುದ್ದಿ ನಿಜ, ಬಾಯಿಂದ ಬಾಯಿಗೆ ಬರುವಾಗ ಸ್ವಲ್ಪ ಉಪ್ಪುಖಾರ ಹೆಚ್ಚಾಗಿದೆ, ಅಷ್ಟೆ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕ್ಲೇರ್ ಎಂಬ ಕೌಂಟಿ ಇದೆ. ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆ ಎನ್ನಿ. ಅಲ್ಲಿಯ ಲಟೂನ್ ಎಂಬಲ್ಲಿ, ಹೊಸ ಹೆದ್ದಾರಿಗೆಂದು ಗುರುತು ಹಾಕಿದ್ದ ಜಾಗದಲ್ಲಿ, ಒಂದು ಒಂಟಿ ಹಾಥಾರ್ನ್ ಮರ ನಿಂತಿತ್ತು. ಮೇ ತಿಂಗಳು ಬಂತೆಂದರೆ ಮೈತುಂಬ ಬಿಳಿ ಹೂ ಹೊರುವ ಗಿಡ್ಡನೆಯ ಮುಳ್ಳುಮರ ಅದು. ಎಡ್ಡಿ ಲೆನಿಹನ್ ಎಂಬ ಕಥೆಗಾರರು, ವರ್ಷಗಟ್ಟಲೆ ಹಳ್ಳಿಗಳನ್ನು ಸುತ್ತಿ ಮುದುಕರ ಬಾಯಿಂದ ಕಥೆ ಕೂಡಿಟ್ಟವರು, 1999ರಲ್ಲಿ ‘ಐರಿಷ್ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದರು. ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು ಕನಾಟ್ ಪ್ರಾಂತ್ಯದ ಫೇರಿಗಳ ಮೇಲೆ ದಂಡೆತ್ತಿ ಹೋಗುವ ಮುನ್ನ ಕೂಡಿಕೊಳ್ಳುವ ಠಾಣೆ ಈ ಮರ. ಕಡಿದರೆ ಆ ರಸ್ತೆಯಲ್ಲಿ ಸಾವುನೋವು ತಪ್ಪಿದ್ದಲ್ಲ ಎಂಬುದು ಅವರ ಎಚ್ಚರಿಕೆ. ಸುದ್ದಿ ಅಮೆರಿಕದ ಪತ್ರಿಕೆಗಳವರೆಗೆ ಹೋಯಿತು. ಇಂಜಿನಿಯರುಗಳು ರಸ್ತೆಯನ್ನೇನೂ ಮೈಲಿಗಟ್ಟಲೆ ಆಚೆಗೆ ಎಳೆಯಲಿಲ್ಲ. ನಕ್ಷೆಯಲ್ಲಿ ಮರಕ್ಕೊಂದು ಜಾಗ ಬಿಟ್ಟು, ಸುತ್ತ ಬೇಲಿ ಹಾಕಿ, ಪಕ್ಕದಲ್ಲಿ ಡಾಂಬರು ಹಾಕಿಕೊಂಡು ಹೋದರು.

ಕಥೆಯ ಉಳಿದರ್ಧವನ್ನು ಪತ್ರಿಕೆಗಳು ಅಷ್ಟಾಗಿ ಹೇಳುವುದಿಲ್ಲ. 2002ರಲ್ಲಿ ಯಾರೋ ರಾತ್ರಿ ಹೊತ್ತು ಗರಗಸದ ಯಂತ್ರ ತಂದು ಆ ಮರದ ಕೊಂಬೆಗಳನ್ನೆಲ್ಲ ಸವರಿಹಾಕಿದರು. ಬೋಳು ಬೊಡ್ಡೆ ಮಾತ್ರ ಉಳಿಯಿತು. ಅದು ಮತ್ತೆ ಚಿಗುರಿತು. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಸಿಕ್ಕಂತಾಯಿತು: ಅದೇ ಜಿಲ್ಲೆಯಲ್ಲಿ ಮರಕ್ಕಾಗಿ ಪತ್ರ ಬರೆಯುವವರೂ ಇದ್ದಾರೆ, ಕತ್ತಲಲ್ಲಿ ಅದನ್ನು ಸವರಲು ಬರುವವರೂ ಇದ್ದಾರೆ. ಇವರಿಬ್ಬರ ನಡುವೆ ಬಹುಪಾಲು ಜನರಿದ್ದಾರೆ. ಅವರನ್ನು ಕೇಳಿದರೆ ‘ಛೆ, ನಂಬಿಕೆಯೇನಿಲ್ಲ’ ಎನ್ನುತ್ತಾರೆ; ಕೊಡಲಿ ಕೊಟ್ಟರೆ ಮಾತ್ರ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಫೇರಿ ಎಂದೊಡನೆ ಮಕ್ಕಳ ಪುಸ್ತಕದ, ಬೆನ್ನಿಗೆ ಚಿಟ್ಟೆಯ ರೆಕ್ಕೆ ಅಂಟಿಸಿಕೊಂಡ ಹುಡುಗಿ ಕಣ್ಣಮುಂದೆ ಬಂದಿದ್ದರೆ ಅವಳನ್ನು ಬಿಟ್ಟುಬಿಡಿ. ಐರಿಷ್ ಹಳ್ಳಿಯ ಫೇರಿಗಳಿಗೆ ರೆಕ್ಕೆಯಿಲ್ಲ. ಅವರು ನಮ್ಮಂತೆಯೇ ದನ ಸಾಕುತ್ತಾರೆ, ಜಾತ್ರೆಗೆ ಹೋಗುತ್ತಾರೆ, ಹರ್ಲಿಂಗ್ ಎಂಬ ದಾಂಡಿನ ಆಟ ಆಡುತ್ತಾರೆ, ಜಗಳ ಕಾಯುತ್ತಾರೆ. ಹೆಸರು ಹಿಡಿದು ಕರೆದರೆ ಸಿಟ್ಟಾಗುತ್ತಾರೆಂದು ಜನ ಅವರನ್ನು ‘ಒಳ್ಳೆಯ ಮಂದಿ’ ಎನ್ನುತ್ತಾರೆ. ಭಯ ಇರುವಲ್ಲೇ ಇಂಥ ಮರ್ಯಾದೆಯ ಹೆಸರು ಹುಟ್ಟುವುದು. ರಾತ್ರಿ ಹೊತ್ತು ಹಾವನ್ನು ಹಗ್ಗ ಎನ್ನುತ್ತಿದ್ದ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐರಿಷ್ ಭಾಷೆಯಲ್ಲಿ ಅವರಿಗೆ ‘ಶೀ’ ಎಂಬ ಹೆಸರೂ ಇದೆ. ಆ ಪದಕ್ಕೆ ದಿಬ್ಬ ಎಂಬ ಅರ್ಥ. ದಿಬ್ಬದೊಳಗಿನವರು ಎಂಬುದೂ ಅದೇ ಪದ. ಹಳೆಯ ಪುರಾಣದ ಪ್ರಕಾರ ‘ತೂಅಹ ಡೇ ಡಾನನ್’ ಎಂಬ ದೈವಕುಲ ಹೊಸದಾಗಿ ಬಂದ ಮನುಷ್ಯರಿಗೆ ಸೋತು, ನೆಲದ ಮೇಲಿನ ರಾಜ್ಯವನ್ನು ಅವರಿಗೆ ಬಿಟ್ಟು, ನೆಲದ ಕೆಳಗಿನ ರಾಜ್ಯವನ್ನು ತಾನು ಇಟ್ಟುಕೊಂಡಿತು. ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರು ಒಂದೇ ಗೋಡೆಯ ಎರಡು ಬದಿಯಲ್ಲಿ ಇದ್ದಂತೆ ಈ ನೆರೆಹೊರೆ.

ನೆಲದ ಕೆಳಗಿನವರಿಗೆ ಬಾಗಿಲು ಎಲ್ಲಿ? ಹಾಳು ಕೋಟೆಗಳಲ್ಲಿ. ನೀವು ಕೇಳಿದ ಕೋಟೆ ಇದೇ. ಕೋಟೆ ಎಂದರೆ ಚಿತ್ರದುರ್ಗವನ್ನು ನೆನೆಯಬೇಡಿ. ಸುಮಾರು ಮೂವತ್ತು ಮೀಟರ್ ಅಡ್ಡಳತೆಯ ಒಂದು ದುಂಡನೆಯ ಅಂಗಳ. ಸುತ್ತ ಒಂದು ಮಣ್ಣಿನ ಏರಿ, ಅದರಾಚೆ ಒಂದು ಕಂದಕ. ಕ್ಲೇರ್‌ನಂಥ ಕಲ್ಲುನಾಡಿನಲ್ಲಿ ಏರಿಯ ಬದಲು ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ಇಡೀ ಐರ್ಲೆಂಡಿನಲ್ಲಿ ಇಂಥವು ಸುಮಾರು 45,000 ಇವೆ. ಲಿಸ್, ರಾತ್, ಕಾಹರ್ ಎಂದು ಶುರುವಾಗುವ ಊರ ಹೆಸರು ಕಂಡರೆ ಬಹುತೇಕ ಅಲ್ಲೊಂದು ದುಂಡು ಕೋಟೆ ಇತ್ತೆಂದೇ ಅರ್ಥ. ಕ್ಲೇರ್‌ನ ಲಿಸ್ಡೂನ್‌ವಾರ್ನ ಎಂಬ ಊರಿನ ಹೆಸರಿನಲ್ಲೂ ಕೋಟೆಯೇ ಕೂತಿದೆ.

ಅಗೆದು ನೋಡಿದವರಿಗೆ ಒಳಗೆ ಸಿಕ್ಕಿದ್ದು ಒಲೆಯ ಬೂದಿ, ದನದ ಮೂಳೆ, ಬೀಸುವ ಕಲ್ಲು, ಮುರಿದ ಸೂಜಿ. ಅಂದರೆ ಇವು ಕೋಟೆಗಳೇ ಅಲ್ಲ, ಬೇಲಿ ಹಾಕಿದ ಹಟ್ಟಿಗಳು. ಹೆಚ್ಚಿನವು ಕ್ರಿ.ಶ. 500ರಿಂದ 1000ದ ನಡುವಿನವು. ಉಳ್ಳವನೊಬ್ಬ ರೈತ ತನ್ನ ಮನೆ, ಕರು, ಹೆಂಡಿರು ಮಕ್ಕಳನ್ನು ತೋಳದಿಂದಲೂ ದನಗಳ್ಳರಿಂದಲೂ ಕಾಯ್ದುಕೊಳ್ಳಲು ಕಟ್ಟಿಕೊಂಡ ಅಂಗಳ. ಅಲ್ಲಿ ಸಂಪತ್ತೆಂದರೆ ದನ. ದನಗಳ್ಳತನ ಬರೀ ಕಳ್ಳತನವಲ್ಲ, ಗಂಡಸ್ತನದ ಆಟ.

ಹಾಗಾದರೆ ಜನ ಹೇಳುವ ನೆಲದೊಳಗಿನ ಹಾಡು, ಹೊಗೆ, ಬಾಗಿಲು? ಅದಕ್ಕೂ ಒಂದು ಕಾರಣ ಕೈಗೆ ಸಿಗುತ್ತದೆ. ಎಷ್ಟೋ ದುಂಡು ಕೋಟೆಗಳ ಕೆಳಗೆ ಕಲ್ಲು ಹಾಸಿ ಮುಚ್ಚಿದ ಕಿರುಸುರಂಗಗಳಿವೆ. ಬೆಣ್ಣೆ, ಹಾಲು ತಣ್ಣಗಿಡಲು, ದಾಳಿಯಾದಾಗ ನುಸುಳಿ ಅಡಗಲು ಮಾಡಿಕೊಂಡದ್ದು. ನೂರಾರು ವರ್ಷ ಕಳೆದು, ಕಟ್ಟಿದವರ ನೆನಪು ಅಳಿದು, ಮಳೆಗಾಲದಲ್ಲಿ ಒಮ್ಮೆ ಹಸುವಿನ ಕಾಲು ಕುಸಿದು ಹೊಲದ ನಡುವೆ ಕತ್ತಲ ಬಾಯಿ ತೆರೆದುಕೊಂಡರೆ ನೋಡಿದವನು ಏನೆನ್ನಬೇಕು? ಗಾಳಿ ಅದರೊಳಗೆ ಹೊಕ್ಕು ಸದ್ದು ಮಾಡಿದರೆ? ನಾನಾಗಿದ್ದರೂ ಒಳ್ಳೆಯ ಮಂದಿಯ ಮನೆಯೆಂದೇ ಹೇಳುತ್ತಿದ್ದೆ.

ಇನ್ನೊಂದು ಕಾರಣ ಇಷ್ಟು ಹಗುರವಾದುದಲ್ಲ. ಜ್ಞಾನಸ್ನಾನ ಆಗುವ ಮೊದಲೇ ತೀರಿಕೊಂಡ ಕೂಸುಗಳನ್ನು ಕ್ಯಾಥೊಲಿಕ್ ಚರ್ಚಿನ ಮಣ್ಣಿನಲ್ಲಿ ಹೂಳಲು ಬಿಡುತ್ತಿರಲಿಲ್ಲ. ಅಪ್ಪನೋ ಅಜ್ಜನೋ ಕತ್ತಲಾದ ಮೇಲೆ ಆ ಪುಟ್ಟ ಗಂಟನ್ನು ಕಂಕುಳಲ್ಲಿ ಹೊತ್ತು, ಯಾರೂ ಉಳದ ಜಾಗ ಹುಡುಕಿ ಹೋಗುತ್ತಿದ್ದ. ಎಷ್ಟೋ ಸಲ ಆ ಜಾಗ ದುಂಡು ಕೋಟೆಯೇ. ಇಂಥ ಹೂಳುನೆಲಗಳಿಗೆ ‘ಕಿಲೀನ್’ ಎಂದು ಹೆಸರು. ಇಪ್ಪತ್ತನೆಯ ಶತಮಾನದವರೆಗೂ ಬಳಕೆಯಲ್ಲಿದ್ದವು. ಕೋಟೆಯ ಮಣ್ಣು ಕೆದಕಬೇಡ ಎಂದು ಹಿರಿಯರು ಹೇಳುವಾಗ ಫೇರಿಗಳ ಹೆಸರು ಹೇಳುತ್ತಿದ್ದರು. ಮನಸ್ಸಿನಲ್ಲಿ ಎಲ್ಲ ಸಲವೂ ಫೇರಿಗಳೇ ಇದ್ದಿರಲಾರರು.

ಈ ಅಂಜಿಕೆಯಿಂದ ಆದ ಲಾಭ ಲೆಕ್ಕಕ್ಕೆ ಸಿಗುವಂಥದು. ಸಾವಿರ ವರ್ಷ ಕಾವಲುಗಾರನಿಲ್ಲದೆ, ಬೋರ್ಡಿಲ್ಲದೆ, ಈ ಏರಿಗಳು ಉಳಿದವು. ಸ್ವತಂತ್ರ ಐರ್ಲೆಂಡಿನ ರಾಷ್ಟ್ರೀಯ ಸ್ಮಾರಕಗಳ ಕಾಯಿದೆ ಬಂದದ್ದು 1930ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಕೋಟೆಯ ಗಿಡ ಕಡಿದವನ ಕೈ ಸೇದಿಹೋಯಿತಂತೆ, ಕಲ್ಲು ಕಿತ್ತು ಕೊಟ್ಟಿಗೆ ಕಟ್ಟಿದವನ ದನವೆಲ್ಲ ಸತ್ತವಂತೆ ಎಂಬ ಕಥೆಗಳೇ ಪುರಾತತ್ವ ಇಲಾಖೆಯ ಕೆಲಸ ಮಾಡಿದವು. ಬುಲ್ಡೋಜರ್ ಬಂದ ಮೇಲೆ ಈ ಕಾವಲು ಸಡಿಲಾಯಿತು. ಯಂತ್ರದ ಮೇಲೆ ಕೂತವನಿಗೆ ಕೈಯಲ್ಲಿ ಗುದ್ದಲಿ ಹಿಡಿದವನಷ್ಟು ಹೆದರಿಕೆ ಇರುವುದಿಲ್ಲವೇನೋ.

ಈಗ ಕಲ್ಲುಮನೆಗಳಿಗೆ ಬರೋಣ. ಕ್ಲೇರ್‌ನ ಉತ್ತರದ ಅಂಚಿಗೆ ಬರ್ರನ್ ಎಂಬ ಸೀಮೆ ಇದೆ. ಹೆಸರಿನ ಅರ್ಥವೇ ಕಲ್ಲುನೆಲ. ಕಣ್ಣು ಹರಿಯುವಷ್ಟು ದೂರ ಬೂದುಬಣ್ಣದ ಸುಣ್ಣದಕಲ್ಲಿನ ಹಾಸು, ನಡುನಡುವೆ ಕಾಲು ಸಿಕ್ಕುವಷ್ಟು ಬಿರುಕು, ಬಿರುಕಿನಲ್ಲಿ ಹೂ. ಇಲ್ಲಿಯ ರೈತರು ದನವನ್ನು ಗುಡ್ಡಕ್ಕೆ ಹೊಡೆಯುವುದು ಚಳಿಗಾಲದಲ್ಲಿ, ಬೇರೆಲ್ಲ ಕಡೆಗಿಂತ ತಿರುವು ಮುರುವು. ಬೇಸಿಗೆಯ ಬಿಸಿಲನ್ನು ಕುಡಿದಿಟ್ಟ ಕಲ್ಲು ಚಳಿಗಾಲದಲ್ಲಿ ಬೆಚ್ಚಗಿರುತ್ತದೆ, ನೀರು ನಿಲ್ಲುವುದಿಲ್ಲ. ಈ ಹಾಸುಗಲ್ಲಿನ ನಡುವೆ ಪೋಲ್ನಬ್ರೋನ್ ಎಂಬ ಕಲ್ಲುಮನೆ ನಿಂತಿದೆ. ನೆಟ್ಟ ಚಪ್ಪಡಿಗಳ ಮೇಲೆ ಓರೆಯಾಗಿ ಕೂತ ಒಂದು ದೊಡ್ಡ ಮುಚ್ಚುಗಲ್ಲು, ಸುಮಾರು ನಾಲ್ಕು ಮೀಟರ್ ಉದ್ದದ್ದು. ಫೋಟೋ ನೋಡಿದರೆ ನೀವು ರಾಜನಕೋಳೂರು ಎಂದೇ ಅಂದುಕೊಳ್ಳುತ್ತೀರಿ.

ಹಳ್ಳಿಯವರು ಇಂಥ ಕಲ್ಲುಮನೆಗಳಿಗೆ ‘ಡೀರ್ಮಿಡ್ ಮತ್ತು ಗ್ರಾನ್ಯರ ಹಾಸಿಗೆ’ ಎನ್ನುತ್ತಾರೆ. ಗ್ರಾನ್ಯಳನ್ನು ಮುದಿ ವೀರ ಫಿನ್ ಮಕೂಲ್‌ಗೆ ಕೊಟ್ಟು ಮದುವೆ ಮಾಡಬೇಕೆಂದಿದ್ದರು. ಅವಳು ಔತಣದ ರಾತ್ರಿಯೇ ಅವನ ಪಡೆಯ ಹರೆಯದ ಡೀರ್ಮಿಡ್‌ನನ್ನು ಕಟ್ಟಿಕೊಂಡು ಓಡಿದಳು. ಫಿನ್ ಬೆನ್ನು ಹತ್ತಿದ. ಒಂದೇ ಜಾಗದಲ್ಲಿ ಎರಡು ರಾತ್ರಿ ಮಲಗುವಂತಿಲ್ಲ. ಹಾಗಾಗಿ ಒಂದು ವರ್ಷ ಒಂದು ದಿನ, ರಾತ್ರಿಗೊಂದು ಕಲ್ಲಿನ ಹಾಸಿಗೆ. ಒಟ್ಟು 366 ಇವೆ ಎಂಬುದು ಜನರ ಲೆಕ್ಕ. ಕಥೆಯೇನೋ ಚೆನ್ನಾಗಿದೆ, ಊರೂರಿನ ಕಲ್ಲನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ.

ಪೋಲ್ನಬ್ರೋನ್‌ನ ಒಂದು ನೆಟ್ಟಗಲ್ಲು 1985ರಲ್ಲಿ ಬಿರುಕು ಬಿಟ್ಟದ್ದು ಕಂಡಿತು. ರಿಪೇರಿ ಮಾಡಬೇಕಾದರೆ ಅಗೆಯಬೇಕು. ಪುರಾತತ್ವಜ್ಞೆ ಆ್ಯನ್ ಲಿಂಚ್ 1986 ಮತ್ತು 1988ರಲ್ಲಿ ಅಗೆದರು. ಪ್ರೇಮಿಗಳ ಹಾಸಿಗೆಯ ಕೆಳಗಿನ ಬಿರುಕುಗಳಲ್ಲಿ ಮೂವತ್ತಕ್ಕೂ ಹೆಚ್ಚು ಜನರ ಮೂಳೆ ಸಿಕ್ಕವು. ಗಂಡು, ಹೆಣ್ಣು, ಮಕ್ಕಳು. ಹೆಚ್ಚಿನವರು ಮೂವತ್ತು ದಾಟಿರಲಿಲ್ಲ. ಕುತ್ತಿಗೆ, ಭುಜದ ಮೂಳೆಗಳು ಸವೆದಿದ್ದವು, ಹೊರೆ ಹೊತ್ತು ಹೊತ್ತು. ಒಬ್ಬನ ಸೊಂಟದ ಮೂಳೆಯಲ್ಲಿ ಕಲ್ಲಿನ ಬಾಣದ ತುದಿ ಮುರಿದು ಕೂತಿತ್ತು. ಮೊದಲ ಹೆಣಗಳನ್ನು ಅಲ್ಲಿ ಇಟ್ಟದ್ದು ಕ್ರಿ.ಪೂ. 3800ರ ಸುಮಾರಿಗೆ. 2020ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು: ಅಲ್ಲಿದ್ದ ಆರು ತಿಂಗಳ ಆಸುಪಾಸಿನ ಒಂದು ಗಂಡುಕೂಸಿಗೆ ಡೌನ್ ಸಿಂಡ್ರೋಮ್ ಇತ್ತು. ಅದು ತಾಯ ಹಾಲು ಕುಡಿದು ಬೆಳೆದಿತ್ತು, ಸತ್ತ ಮೇಲೆ ಎಲ್ಲರ ಜೊತೆಗೇ ಅದಕ್ಕೂ ಜಾಗ ಸಿಕ್ಕಿತ್ತು. ಐದು ಸಾವಿರ ವರ್ಷಕ್ಕೂ ಹಿಂದಿನ ಆ ಜನರ ಬಗ್ಗೆ ಯಾವ ದಂತಕಥೆಯೂ ಇಷ್ಟು ಹೇಳಿರಲಿಲ್ಲ.

ಹೆಸರಿನ ತಮಾಷೆಯೂ ಕೇಳಿ. ಪ್ರವಾಸಿಗಳಿಗೆ ಪೋಲ್ನಬ್ರೋನ್ ಎಂದರೆ ‘ದುಃಖದ ಗುಂಡಿ’ ಎಂದು ಹೇಳುವುದು ವಾಡಿಕೆ. ಗೋರಿಗೆ ತಕ್ಕ ಹೆಸರು, ಕೇಳಿದರೆ ಮೈ ಜುಮ್ಮೆನ್ನಬೇಕು. ಆದರೆ ಭಾಷೆ ಬಲ್ಲವರು ಹೇಳುವ ಅರ್ಥ ‘ಬೀಸುವ ಕಲ್ಲಿನ ಗುಂಡಿ’. ಹಳ್ಳಿಯವನು ಬೀಸುವ ಕಲ್ಲು ಎಂದಿದ್ದನ್ನು ಪೇಟೆಯವನು ದುಃಖ ಮಾಡಿದ. ಪ್ರಾಚೀನ ನಂಬಿಕೆ ಎಂದು ನಮ್ಮ ಕೈಗೆ ಬರುವ ಎಷ್ಟೋ ಸರಕು ಹೀಗೆ ಮೊನ್ನೆ ಮೊನ್ನೆಯದು.

ಎರಡೂ ಕಡೆ ಒಂದೇ ಕುಲದವರು ಕಟ್ಟಿದರು ಎಂಬ ಮಾತಿನ ಬೇರು ಎಲ್ಲಿದೆ ಗೊತ್ತೆ? ನಿಮ್ಮೂರಿನಲ್ಲೇ, ಟೇಲರ್ ಮಂಜಿಲ್‌ನಲ್ಲಿ. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್, ರಾಜನಕೋಳೂರಿನ ಕಲ್ಲುಮನೆಗಳನ್ನು ಅಳೆದು ಚಿತ್ರ ಬರೆದ; ಜೇವರ್ಗಿಯಲ್ಲಿ ಗೋರಿಗಳನ್ನು ಅಗೆಸಿದ. ನಿವೃತ್ತಿಯ ಮೇಲೆ ಅವನು ನೆಲೆಸಿದ್ದು ಡಬ್ಲಿನ್ನಿನಲ್ಲಿ. ದಖ್ಖನಿನ ಈ ಕಲ್ಲುಗಳ ಬಗ್ಗೆ ಅವನು ಬರೆದ ದೊಡ್ಡ ಪ್ರಬಂಧ 1860ರ ದಶಕದಲ್ಲಿ ಅಚ್ಚಾದದ್ದು ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ. ಅದರ ತಲೆಬರಹದಲ್ಲೇ ಅವನು ಇವನ್ನು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳೆಂದು ಕರೆದ. ಅಲ್ಲಿಯ ಕಲ್ಲನ್ನೂ ಇಲ್ಲಿಯ ಕಲ್ಲನ್ನೂ ಕಣ್ಣಾರೆ ಕಂಡ ಮನುಷ್ಯ, ಒಂದೇ ಕೈಯ ಕೆಲಸ ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದು ತಪ್ಪು. ಪೋಲ್ನಬ್ರೋನ್ ಕಟ್ಟಿದವರಿಗೆ ಲೋಹವೇ ಗೊತ್ತಿರಲಿಲ್ಲ. ನಮ್ಮ ಮೋರ್ಯರ ಮನೆಗಳು ಕಬ್ಬಿಣ ಬಳಕೆಗೆ ಬಂದ ಮೇಲಿನವು. ನಡುವೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ. ಅಷ್ಟೇ ಅಲ್ಲ, ಐರ್ಲೆಂಡಿನಲ್ಲೂ ಆ ಕಲ್ಲುಮನೆಗಳನ್ನು ಕಟ್ಟಿದವರು ಕೆಲ್ಟರಲ್ಲ, ಡ್ರೂಯಿಡ್ ಪುರೋಹಿತರು ಮೊದಲೇ ಅಲ್ಲ. ಅವರೆಲ್ಲ ಎಷ್ಟೋ ಶತಮಾನಗಳ ನಂತರದವರು. ಮೂರು ಚಪ್ಪಡಿ ನೆಟ್ಟು ಮೇಲೊಂದು ಹೇರಿದರೆ ಎಲ್ಲಿ ಹೇರಿದರೂ ಒಂದೇ ಥರ ಕಾಣುತ್ತದೆ. ಟೇಲರ್‌ನನ್ನು ಆಡಿಕೊಳ್ಳಬೇಡಿ, ಅವನ ಅಳತೆಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ.

ಕ್ಲೇರ್‌ನ ಹಾಳುಗಳೆಲ್ಲ ಇಷ್ಟು ಹಳೆಯವಲ್ಲ. 1200ರ ಆಸುಪಾಸಿನ ಕೋರ್ಕಮ್ರೋ ಮಠವಿದೆ. ಕಟ್ಟಿದ ಐವರು ಶಿಲ್ಪಿಗಳನ್ನು ಇಂಥದೇ ಇನ್ನೊಂದನ್ನು ಕಟ್ಟಬಾರದೆಂದು ದೊರೆ ಕೊಲ್ಲಿಸಿದನಂತೆ. ದೇಶ ದೇಶಗಳಲ್ಲಿ ಸಿಗುವ ಕಥೆ ಇದು. ಆದರೆ ಆ ಮಠದಲ್ಲಿ ಪೂರ್ವದ ಭಾಗದ ಕೆತ್ತನೆ ನಯವಾಗಿದ್ದು ಪಶ್ಚಿಮಕ್ಕೆ ಬರುತ್ತ ಬೋಳಾಗುತ್ತದೆ. ಬಹುಶಃ ದುಡ್ಡು ಮುಗಿದಿರಬೇಕು. ಕೈ ಬದಲಾದದ್ದನ್ನು ಕಂಡ ಜನ ಆ ಕೈಗಳಿಗೆ ಏನಾಯಿತೆಂದು ಕಥೆ ಕಟ್ಟಿಕೊಂಡರು ಎಂಬುದು ನನ್ನ ಊಹೆ. ಲೆಮನೇ ಕೋಟೆಯ ಕೆಂಪುಗೂದಲ ಒಡತಿ ಮಾಯ್ರ ರೂಆಗೆ ಇಪ್ಪತ್ತೈದು ಗಂಡಂದಿರಂತೆ, ಬೇಡವಾದವನನ್ನು ಮೇಲಿನ ಕಿಟಕಿಯಿಂದ ನೂಕುತ್ತಿದ್ದಳಂತೆ. ದಾಖಲೆಯಲ್ಲಿ ಇರುವುದು ಮೂವರೇ. ಎರಡನೆಯವನು ಕಾನರ್ ಒಬ್ರಯನ್ 1651ರಲ್ಲಿ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಪಡೆಯೊಡನೆ ಕಾದಾಡಿ ಸತ್ತ. ಆಸ್ತಿ ಜಪ್ತಿಯಾಗಿ ಮಗ ಬೀದಿಗೆ ಬೀಳುವುದನ್ನು ತಪ್ಪಿಸಲು ಆಕೆ ಅದೇ ಶತ್ರುಪಡೆಯ ಅಧಿಕಾರಿಯೊಬ್ಬನನ್ನು ಮದುವೆಯಾದಳು. ಆಸ್ತಿ ಉಳಿಯಿತು. ಲೆಕ್ಕ ಬಲ್ಲ ಹೆಂಗಸನ್ನು ಊರು ಸುಮ್ಮನೆ ಬಿಡುತ್ತದೆಯೆ?

ಇನ್ನೂ ಹತ್ತಿರದ ಕಾಲದವೆಂದರೆ ಮಾಡಿಲ್ಲದ ಮುರುಕು ಗುಡಿಸಲುಗಳು. 1841ರ ಜನಗಣತಿಯಲ್ಲಿ ಕ್ಲೇರ್‌ನಲ್ಲಿ 2,86,000ಕ್ಕೂ ಹೆಚ್ಚು ಜನ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. 1851ರಲ್ಲಿ ಉಳಿದವರು ಸುಮಾರು 2,12,000. ಈ ಬರದ ನೆನಪು ಸೇರಿಕೊಂಡ ಒಂದು ನಂಬಿಕೆ ಇದೆ, ‘ಹಸಿದ ಹುಲ್ಲು’. ಹೊಲದಲ್ಲಿ ಎಲ್ಲೋ ಒಂದು ತುಂಡು ಹುಲ್ಲಿರುತ್ತದೆ, ಅದನ್ನು ತುಳಿದವನಿಗೆ ಇದ್ದಕ್ಕಿದ್ದಂತೆ ಪ್ರಾಣ ಹೋಗುವಂಥ ಹಸಿವು. ಹಸಿವಿನಿಂದ ಬಿದ್ದು ಸತ್ತವರ ಜಾಗ ಅದು ಎನ್ನುತ್ತಾರೆ. ಪರಿಹಾರ, ಜೇಬಿನಲ್ಲಿ ಒಂದು ಚೂರು ರೊಟ್ಟಿ.

ಇದನ್ನೆಲ್ಲ ಮುದ್ದಾದ ನಂಬಿಕೆ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 1895ರಲ್ಲಿ, ಪಕ್ಕದ ಟಿಪ್ಪರರಿ ಕೌಂಟಿಯಲ್ಲಿ, ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸು ಕಾಯಿಲೆ ಬಿದ್ದಳು. ಇವಳು ನನ್ನ ಹೆಂಡತಿಯಲ್ಲ, ಫೇರಿಗಳು ಅವಳನ್ನು ಕೋಟೆಗೆ ಒಯ್ದು ಬದಲಿಯನ್ನು ಇಟ್ಟುಹೋಗಿದ್ದಾರೆ ಎಂದು ಗಂಡ ಅವಳನ್ನು ಸುಟ್ಟು ಕೊಂದ. ಆಮೇಲೆ ನಿಜವಾದ ಹೆಂಡತಿ ಬಿಳಿ ಕುದುರೆ ಏರಿ ಬರುತ್ತಾಳೆಂದು ರಾತ್ರಿಗಳನ್ನು ಕೋಟೆಯ ಬಳಿ ಕಾದು ಕಳೆದ. ಮನೆಯಲ್ಲಿ ನೆಂಟರಿದ್ದರು, ಯಾರೂ ತಡೆಯಲಿಲ್ಲ. ಕೋಟೆಗಳನ್ನು ಉಳಿಸಿದ ಅಂಜಿಕೆ ಅವಳನ್ನು ಉಳಿಸಲಿಲ್ಲ.

ಇಷ್ಟಾದ ಮೇಲೆ ಒಂದು ನಗುವಿನ ಕಥೆ ಹೇಳದಿದ್ದರೆ ಕ್ಲೇರ್‌ನವರು ಕ್ಷಮಿಸಲಾರರು. ಫೀಕಲ್ ಎಂಬ ಊರಿನ ಬಳಿ ಬಿಡ್ಡಿ ಅರ್ಲಿ ಎಂಬ ನಾಟಿವೈದ್ಯೆ ಇದ್ದಳು. ಒಂದು ಬಣ್ಣದ ಬಾಟಲಿಯಲ್ಲಿ ಕಣ್ಣಿಟ್ಟು ಮುಂದಾಗುವುದನ್ನು ಹೇಳುತ್ತಿದ್ದಳು. 1865ರಲ್ಲಿ ಅವಳ ಮೇಲೆ 1586ರ ಮಾಟಮಂತ್ರದ ಕಾಯಿದೆಯಡಿ ಕೇಸು ಹಾಕಿದರು. ಸಾಕ್ಷಿ ಹೇಳುವವರು ಬೇಕಲ್ಲ, ಕೇಸು ಬಿದ್ದುಹೋಯಿತು. ಅವಳು 1874ರಲ್ಲಿ ತೀರಿಕೊಂಡಳು. ಕ್ಲೇರ್ ತಂಡ ಅಖಿಲ ಐರ್ಲೆಂಡ್ ಹರ್ಲಿಂಗ್ ಪಂದ್ಯವನ್ನು ವರ್ಷಾನುಗಟ್ಟಲೆ ಗೆಲ್ಲದಿದ್ದಾಗ ಅದು ಬಿಡ್ಡಿಯ ಶಾಪ ಎಂದರು. ಆ ಪಂದ್ಯ ನಡೆಸುವ ಸಂಸ್ಥೆ ಹುಟ್ಟಿದ್ದೇ 1884ರಲ್ಲಿ, ಅವಳು ಸತ್ತು ಹತ್ತು ವರ್ಷಕ್ಕೆ. 1914ರಲ್ಲಿ ಒಮ್ಮೆ ಗೆದ್ದೂ ಇದ್ದರು. ಶಾಪಕ್ಕೆ ತಾರೀಖಿನ ಹಂಗೆಲ್ಲಿ! ಕೊನೆಗೆ 1995ರಲ್ಲಿ ಗೆದ್ದರು. ಆಗ ತಂಡವನ್ನು ನಡೆಸಿದ ಜೆರ್ ಲಾಕ್ನನ್ ಬಿಡ್ಡಿಯ ಊರಾದ ಫೀಕಲ್‌ನವರೇ.

ಈ ಕಥೆಗಳೆಲ್ಲ ನಮಗೆ ಹೇಗೆ ಗೊತ್ತಾದವು ಎಂಬುದನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು: ಪ್ರಬಂಧ ಬರೆಯುವ ಬದಲು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು, ನೆರೆಯ ಮುದುಕರನ್ನು ಕೇಳಿ, ಊರಿನ ಕೋಟೆ, ಬಾವಿ, ಕಲ್ಲು, ಮರದ ಬಗ್ಗೆ ಅವರು ಹೇಳಿದ್ದನ್ನು ಬರೆದು ತನ್ನಿ. ಬರೆದವರು 50,000ಕ್ಕೂ ಹೆಚ್ಚು ಮಕ್ಕಳು, ಹನ್ನೊಂದರಿಂದ ಹದಿನಾಲ್ಕು ವಯಸ್ಸಿನವರು. ಆದದ್ದು ಸುಮಾರು 7,40,000 ಪುಟ. ಇಂದು ಅದರಲ್ಲಿ ಬಹುಪಾಲು ಅಂತರ್ಜಾಲದಲ್ಲಿ ಇದೆ. ಮಕ್ಕಳ ದುಂಡಕ್ಷರವನ್ನೇ ಕಾಣಬಹುದು, ಪುಟದ ಕೆಳಗೆ ಕಥೆ ಹೇಳಿದವರ ಹೆಸರು, ವಯಸ್ಸು, ಊರು.

ನೀವು ಮುಂದಿನ ಸಲ ರಾಜನಕೋಳೂರಿಗೆ ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ಆ ಕಲ್ಲುಮನೆಗಳಲ್ಲಿ ಇದ್ದರೆಂದು ಜನ ಹೇಳುವ ಮೋರ್ಯರು ಎಷ್ಟು ಎತ್ತರ ಇದ್ದರು, ಏನು ತಿನ್ನುತ್ತಿದ್ದರು, ಏಕೆ ಹೋದರು ಎಂದು ಅಲ್ಲಿ ದನ ಮೇಯಿಸುವ ಹಿರಿಯರನ್ನು ಕೇಳಿ. ಅವರು ಹೇಳಿದ್ದನ್ನು ತಿದ್ದದೆ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೆಸರು, ವಯಸ್ಸು, ತಾರೀಖು ಮರೆಯಬೇಡಿ. ನಮಗೂ ಒಂದು ಪ್ರತಿ ಕಳಿಸಿ.